ಮೇಸ್ತ್ರಿ ಮರೆತಿರಲಿಲ್ಲ

ಆಯಿಲ್ ಬದಲಾಯಿಸುವುದು ಮೇಸ್ತ್ರಿಯ ಕೆಲಸ, ದೀಪ ಆರಿಸುವುದು ಗಾಡಿ ತಂದವನ ಕೆಲಸ. ಮತ್ತಿಕೆರೆಯ ಆ ಕಾರು ರಿಪೇರಿ ಶೆಡ್ಡಿನಲ್ಲಿ ಇದೊಂದು ಕಟ್ಟಳೆ. ಡೀಸಲ್ ಕಾರು ಹತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಮೀಟರಿನಲ್ಲಿ ಸ್ಪ್ಯಾನರ್ ಚಿತ್ರದ ಹಳದಿ ದೀಪವೊಂದು ಹತ್ತಿಕೊಳ್ಳುತ್ತದಲ್ಲ, ಸರ್ವೀಸ್ ಮಾಡಿಸಪ್ಪಾ ಅಂತ, ಅದನ್ನು ಮೇಸ್ತ್ರಿ ತಮ್ಮ ಕೈಯಾರೆ ಆರಿಸಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. "ನನ್ ಕೈಯೆಲ್ಲಾ ಜಿಡ್ಡು ಸಾರ್, ಒಳಗೆ ಮುಟ್ಟಬಾರ್ದು" ಅನ್ನುತ್ತಿದ್ದರು ಮೊದಮೊದಲು. ಜಿಡ್ಡು ಬರೀ ನೆಪ ಅಂತ ಆಮೇಲೆ ಗೊತ್ತಾಯಿತು. "ಹಳೇದು ಹೋಗಿದ್ದು ನೋಡಿದ್ರಿ, ಹೊಸದು ಹಾಕಿದ್ದು ನೋಡಿದ್ರಿ. ಈಗ ನೀವೇ ಆರ್ಸಿ. ಗಾಡಿ ನಿಮ್ದು ತಾನೇ?" ಗಾಡಿಯವನು ಒಳಗೆ ಕೂತು, ಮೀಟರಿನ ಪಕ್ಕದ ಸಣ್ಣ ಗುಂಡಿ ಒತ್ತಿ ಹಿಡಿದು, ಕೀ ತಿರುಗಿಸಿ, ಹತ್ತು ಎಣಿಸಬೇಕು. ಮೇಸ್ತ್ರಿ ಕಿಟಕಿಯಾಚೆ ನಿಂತು ಜೋರಾಗಿ ಎಣಿಸುತ್ತಿದ್ದರು. ಹತ್ತು ಅನ್ನುವಷ್ಟರಲ್ಲಿ ಸ್ಪ್ಯಾನರ್ ಮಾಯ. "ಆಯ್ತು, ಹೋಗ್ಬನ್ನಿ ಸಾರ್."

ಆ ವಿದ್ಯೆ ನನಗೆ ಕಲಿಸಿದವರು ಅವರು. ಅದನ್ನು ಇಟ್ಟುಕೊಂಡೇ ಅವರ ಬಾಳು ಕೆಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಬಾಯಿ ಎಂಥದ್ದು ಅಂತ ನನಗೇ ಗೊತ್ತು. ಸೈಟು ಮಾರಿ ಬದುಕಿದ ಬಾಯಿ. ಚರಂಡಿ ಪಕ್ಕದ ಮೂಲೆಯನ್ನೂ ಗಾಳಿ ಬೆಳಕಿನ ಜಾಗ ಅಂತ ಒಪ್ಪಿಸಿದ್ದೇನೆ. ಮೇಸ್ತ್ರಿಯ ಕತೆಯನ್ನೂ ಹಾಗೇ ನುಣ್ಣಗೆ ಹೇಳಿ, ಕೊನೆಗೆ ನಾನೇ ಒಳ್ಳೆಯವನಾಗಿ ಕೂತರೂ ಕೂತೇನು. ಅವರ ಹೆಸರು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ.

ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಹೊಸತು. ಹೆಬ್ಬಾಳ ದಾಟಿದರೆ ಸಾಕು, ಹೊಲಗಳಲ್ಲೆಲ್ಲ ಕಲ್ಲು ನೆಟ್ಟು ಲೇಔಟು ಮಾಡುತ್ತಿದ್ದ ಕಾಲ. ನನ್ನ ಹೆಂಡತಿಯ ಅಣ್ಣ, ನನಗೆ ಭಾವ, ರಾಜಾನುಕುಂಟೆಯವರು. ಅಪ್ಪನ ಕಾಲದಿಂದ ರಾಗಿ ಬೆಳೆದ ಹೊಲದಲ್ಲಿ ಅವರೂ ಲೇಔಟು ಹಾಕಿದರು. ತಾವು ದೊಡ್ಡ ಗಾಡಿ ತಗೊಂಡು, ಹಳೇ ಡೀಸಲ್ ಕಾರನ್ನು ನನ್ನ ಕೈಗೆ ಕೊಟ್ಟರು. "ತಗಳಪ್ಪ, ಗಿರಾಕಿಗೋಳ್ನ ಕರ್ಕಂಡ್ ಬರಕ್ಕಾಯ್ತದೆ. ಇಂಜಿನ್ ಮಾತ್ರ ಉಸಾರು. ಕೆಡಿಸ್ದೆ ಅಂದ್ರೆ ಗಾಡೀನೂ ಇಲ್ಲ, ಸೈಟೂ ಇಲ್ಲ, ಈಗ್ಲೇ ಏಳಿವ್ನಿ." ತಮಾಷೆಗೆ ಹೇಳುವ ಮನುಷ್ಯ ಅಲ್ಲ ಅವರು. ಬಾಡಿಗೆ ಮನೆಯಲ್ಲಿ ಎರಡು ಮಕ್ಕಳನ್ನಿಟ್ಟುಕೊಂಡಿದ್ದ ನನಗೆ ಅನ್ನ ಹುಟ್ಟುತ್ತಿದ್ದುದು ಆ ಲೇಔಟಿನಲ್ಲೇ. ಮತ್ತಿಕೆರೆಯಿಂದ ರಾಜಾನುಕುಂಟೆಗೆ ದಿನಕ್ಕೆ ಎರಡು ಸಲ, ಕೆಲವು ದಿನ ಮೂರು ಸಲ ಹೋಗಿಬರುತ್ತಿದ್ದೆ. ಮೂರು ತಿಂಗಳು ತುಂಬುವಷ್ಟರಲ್ಲಿ ಹಳದಿ ಸ್ಪ್ಯಾನರ್ ಹಾಜರ್.

ಹಾಗೆ ಹೋದದ್ದು ಮೇಸ್ತ್ರಿಯ ಶೆಡ್ಡಿಗೆ. ನಮ್ಮ ಮನೆಯಿಂದ ಎರಡು ತಿರುವು. ಅಕ್ಕಪಕ್ಕವೆಲ್ಲ ಕಾಲೇಜು ಹುಡುಗರ ಬಾಡಿಗೆ ರೂಮುಗಳು, ಎದುರಿಗೊಂದು ಜೆರಾಕ್ಸ್ ಅಂಗಡಿ. ಹುಡುಗರು ಬೈಕು ತಳ್ಳಿಕೊಂಡು ಬಂದರೆ "ಎರಡು ಚಕ್ರದ್ದು ನಂಗೆ ಬರಲ್ಲ ಕಣಪ್ಪಾ, ಮುಂದಕ್ ಹೋಗಿ" ಅಂತ ಕಳಿಸುತ್ತಿದ್ದರು. ಬರದೆ ಏನು! ಒಂದು ಕೆಲಸ ಹಿಡಿದಾಗ ಮಧ್ಯೆ ಇನ್ನೊಂದಕ್ಕೆ ಕೈ ಹಾಕುವ ಸ್ವಭಾವ ಅವರದ್ದಲ್ಲ, ಅಷ್ಟೇ. ಆಗಲೇ ಐವತ್ತೈದು ದಾಟಿತ್ತು. ಗಿಡ್ಡ ಆಳು, ಹಣೆಗೆ ಸಣ್ಣ ವಿಭೂತಿ. ಬೆಳಗ್ಗೆ ಬಿಳಿ ಅಂಗಿ ಹಾಕಿಕೊಂಡು ಬಂದು, ಅದನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕಿಟ್ಟು, ಖಾಕಿ ತೊಟ್ಟುಕೊಳ್ಳುತ್ತಿದ್ದರು. ಸಂಜೆ ಮರದ ಹೊಟ್ಟು, ಸೋಪಿನ ಪುಡಿ ಕಲಸಿ ಮೊಣಕೈವರೆಗೂ ಉಜ್ಜಿ ತೊಳೆದು, ಮತ್ತೆ ಅದೇ ಬಿಳಿ ಅಂಗಿಯಲ್ಲಿ ಮನೆಗೆ.

ನಿಧಾನ ಅಂದ್ರೆ ನಿಧಾನ ಮಾರಾಯ್ರೇ. ಬೇರೆ ಕಡೆ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಆಯಿಲಿಗೆ ಇವರ ಹತ್ತಿರ ಅರ್ಧ ದಿನ. ಮೊದಲು ಗಾಡಿಯನ್ನು ಬೀದಿ ತುಂಬ ಓಡಿಸಿ ಬಿಸಿ ಮಾಡಿಕೊಂಡು ಬರಬೇಕು. ಆಮೇಲೆ ಕೆಳಗಿನ ಬೋಲ್ಟು ಬಿಚ್ಚಿ ತಟ್ಟೆ ಇಟ್ಟರೆ, ಧಾರೆ ನಿಂತು, ಹನಿ ನಿಂತು, ಹನಿಹನಿಗೂ ಮಧ್ಯೆ ಒಂದು ಸಲ ಕೆಮ್ಮುವಷ್ಟು ಹೊತ್ತಾದರೂ ಮೇಸ್ತ್ರಿ ಏಳುತ್ತಿರಲಿಲ್ಲ. "ಸಾಕು ಬಿಡಿ ಮೇಸ್ತ್ರಿ, ಗಿರಾಕಿ ಕಾಯ್ತಿದ್ದಾರೆ" ಅಂದರೆ, "ಹಳೇದು ಒಳಗೇ ಇಟ್ಕೊಂಡು ಹೊಸದು ಹುಯ್ದು ಏನ್ ಪ್ರಯೋಜ್ನ? ಟೀ ಕುಡೀರಿ" ಅನ್ನುತ್ತಿದ್ದರು. ಹೊಸ ತಾಮ್ರದ ವಾಷರನ್ನು ಕೆಲಸಕ್ಕೆ ಮೊದಲೇ ಕಿರುಬೆರಳಿಗೆ ಉಂಗುರದ ಹಾಗೆ ಹಾಕಿಕೊಳ್ಳುತ್ತಿದ್ದರು. ಬೋಲ್ಟು ಹಾಕುವಾಗ ಅದು ಬೆರಳಿನಿಂದ ಬೋಲ್ಟಿಗೆ ಹೋಗುತ್ತಿತ್ತು. "ಬೆರಳು ಖಾಲಿ ಆಯ್ತು ಅಂದ್ರೆ ಕೆಲ್ಸ ಆಯ್ತು ಅಂತ. ನಂಗೆ ಪುಸ್ತಕ ಗಿಸ್ತಕ ಬೇಡ."

ನಿಜವಾಗಿಯೂ ಬೇಡವಾಗಿತ್ತು. ಒಂದಕ್ಷರ ಬರೆದಿಡದೆ ಐವತ್ತು ಅರವತ್ತು ಗಾಡಿಗಳ ಜಾತಕ ತಲೆಯಲ್ಲಿಟ್ಟುಕೊಂಡಿದ್ದರು. ಒಂದು ಸಲ ನಾನು ಅಲ್ಲೇ ಕೂತಿದ್ದಾಗ ಯಾರೋ ಫೋನು ಮಾಡಿ ಗಾಡಿ ಒಂದೇ ಕಡೆಗೆ ಎಳೆಯುತ್ತಿದೆ ಅಂದರು. "ಎಡಗಡೆ ಮುಂದಿನ ಚಕ್ರ ನೋಡ್ಸಿ. ಹೋದ್ವರ್ಷ ಸಂಕ್ರಾಂತಿ ಹಿಂದಿನ ದಿನ ಹೇಳಿದ್ದೆ, ನೀವು ಮನೆಯವರ್ನ ಸೀಮಂತಕ್ಕೆ ಕರ್ಕೊಂಡ್ ಹೋಗ್ಬೇಕು ಅಂತ ಓಡಿದ್ರಿ" ಅಂದರು. ಆ ಕಡೆಯವನು ನಕ್ಕಿದ್ದು ನನಗೂ ಕೇಳಿಸಿತು.

ಸಿಟ್ಟು ಬರುತ್ತಿದ್ದುದು ಒಂದೇ ವಿಷಯಕ್ಕೆ. ಬ್ಯಾಂಕಿನವರೊಬ್ಬರು ಬಂದು, "ಆಯಿಲ್ ಮುಂದಿನ ತಿಂಗಳು ನೋಡೋಣ, ಆ ದೀಪ ಒಂದು ಆರಿಸಿಕೊಡಿ, ಕಣ್ಣಿಗೆ ಹೊಡೀತಿದೆ" ಅಂದರು. ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ದೀಪಕ್ಕೇನ್ ಗೊತ್ತು ಸ್ವಾಮಿ? ಕಿಲೋಮೀಟ್ರು ಎಣ್ಸೋದಷ್ಟೇ ಅದ್ರ ಕೆಲ್ಸ. ಆರ್ಸಿದ್ರೆ ಸುಮ್ನಾಗುತ್ತೆ, ಪಾಪ. ಆಯಿಲ್ ಸುಮ್ನಿರುತ್ತಾ? ತಗೊಂಡ್ ಹೋಗಿ ಗಾಡಿ, ನಂ ಕೈಲಿ ಆಗಲ್ಲ." ಆ ಮನುಷ್ಯ ಮುಖ ಇಷ್ಟು ಮಾಡಿಕೊಂಡು ಹೋದರು. ನಾನು ಶೆಡ್ಡಿನಲ್ಲಿ ಬೆಂಚಿನ ಬದಲು ಹಾಕಿದ್ದ ಹಳೇ ಕಾರಿನ ಸೀಟಿನ ಮೇಲೆ ಕೂತು ಹಲ್ಲು ಕಿಸಿದೆ. ನಾಚಿಕೆಗೆಟ್ಟವನು.

ಯಾಕೆಂದರೆ ಅದಾದ ಮೇಲೆ ನಾನು ಮಾಡಿದ್ದೂ ಅದನ್ನೇ. ಸೈಟುಗಳು ಬಿಸಿ ದೋಸೆಯ ಹಾಗೆ ಹೋಗುತ್ತಿದ್ದ ದಿನಗಳು. ಸ್ಪ್ಯಾನರ್ ದೀಪ ಹತ್ತಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಗಿರಾಕಿ ಅದನ್ನೇ ನೋಡುತ್ತ, "ಏನೋ ವಾರ್ನಿಂಗ್ ಬರ್ತಿದೆಯಲ್ಲ?" ಅಂದ. ತನ್ನ ಗಾಡಿಯನ್ನೇ ನೋಡಿಕೊಳ್ಳದವನು ದಾಖಲೆ ಪತ್ರ ಏನು ನೋಡಿರುತ್ತಾನೆ ಅನ್ನುವ ಅನುಮಾನ ಅವನ ಮುಖದಲ್ಲಿತ್ತು. ಯಲಹಂಕದಲ್ಲಿ ಅವನು ಟೀ ಕುಡಿಯಲು ಇಳಿದಾಗ ನಾನು ಗುಂಡಿ ಒತ್ತಿ ಹಿಡಿದು ಕೀ ತಿರುಗಿಸಿದೆ. ಹತ್ತರವರೆಗೂ ನಾನೇ ಎಣಿಸಿಕೊಂಡೆ. ಮುಂದಿನ ವಾರ ಮೇಸ್ತ್ರಿ ಹತ್ತಿರ ಹೋದರಾಯಿತು ಅಂದುಕೊಂಡೆ. ಮುಂದಿನ ವಾರವೂ ಗಿರಾಕಿಗಳಿದ್ದರು. ಅರ್ಧ ದಿನ ಅಂದರೆ ಎರಡು ಗಿರಾಕಿ ಹೋದಂತೆ. ಮೂರು ತಿಂಗಳಿಗೆ ದೀಪ ಮತ್ತೆ ಹತ್ತಿತು, ಮತ್ತೆ ಆರಿಸಿದೆ. ಎರಡನೇ ಸಲ ಎಷ್ಟು ಸಲೀಸು ಅಂತೀರಿ!

ಎರಡನೇ ಸಲ ಆರಿಸಿದ ಕೆಲವೇ ದಿನಕ್ಕೆ, ಬ್ರೇಕು ಕಿರುಗುಟ್ಟುತ್ತಿದೆ ಅಂತ ಶೆಡ್ಡಿಗೆ ಹೋಗಿದ್ದೆ. ಬ್ರೇಕು ಮುಗಿಸಿ ಮೇಸ್ತ್ರಿ, "ಆಯಿಲ್ ಒಂದ್ಸಲ ನೋಡ್ಬಿಡ್ಲಾ?" ಅಂದರು. ಡೀಸಲ್ ಗಾಡಿಯ ಆಯಿಲ್ ಹಾಕಿದ ಮೂರೇ ದಿನಕ್ಕೆ ಕಪ್ಪಾಗುತ್ತದೆ, ಬಣ್ಣ ನೋಡಿ ಏನೂ ಹೇಳಲಾಗದು. ಅವರು ಇಂಜಿನ್ನಿನಿಂದ ಆಯಿಲ್ ಅಳೆಯುವ ಕಡ್ಡಿ ತೆಗೆದು, ಹೆಬ್ಬೆರಳು ತೋರುಬೆರಳ ಮಧ್ಯೆ ತಿಕ್ಕಿ, ಕಣ್ಣು ಮುಚ್ಚಿ, "ಇನ್ನೂ ಜಾರ್ತಿದೆ" ಅಂತಲೋ "ಮುಗೀತು ಇದ್ರ ಕತೆ" ಅಂತಲೋ ಹೇಳುವವರು. ತಿಕ್ಕಿದರೆ ನನ್ನ ಬಂಡವಾಳ ಬಯಲು. "ಅಯ್ಯೋ ಬೇಡ ಮೇಸ್ತ್ರಿ, ಅರ್ಜೆಂಟು. ದೀಪ ಎಲ್ಲಿ ಬಂದಿದೆ?" ಅಂದೆ. ಅವರು ಬಗ್ಗಿ ಮೀಟರು ನೋಡಿದರು. ದೀಪ ಇರಲಿಲ್ಲ. "ಸರಿ ಹೋಗ್ಬನ್ನಿ, ಟೈಮ್ ಇದೆ" ಅಂದರು. ನನ್ನ ಮಾತು ನಂಬಿದರು.

ಎರಡು ತಿಂಗಳಾದ ಮೇಲೆ ದೊಡ್ಡಬಳ್ಳಾಪುರ ರಸ್ತೆಯಲ್ಲಿ, ಗಂಡ ಹೆಂಡತಿ ಗಿರಾಕಿಗಳು ಕೂತಿದ್ದಾಗ, ಇಂಜಿನ್ನಿನ ಒಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆಯುವ ಸದ್ದು ಶುರುವಾಯಿತು. ನಿಲ್ಲಿಸುವುದು ಬಿಟ್ಟು, ಮಾತಾಡುತ್ತಾ ಇನ್ನೊಂದು ಕಿಲೋಮೀಟರು ಓಡಿಸಿದೆ. ಆಮೇಲೆ ಅದೇ ನಿಂತಿತು. ಗಿರಾಕಿಗಳು ಬಸ್ಸು ಹತ್ತಿ ಹೋದರು. ಗಾಡಿಯನ್ನು ಎಳೆಸಿಕೊಂಡು ಮತ್ತಿಕೆರೆಗೆ ತಂದೆ. ಸುದ್ದಿ ನನಗಿಂತ ಮೊದಲೇ ರಾಜಾನುಕುಂಟೆ ಮುಟ್ಟಿ, ಭಾವ ಬಂದು ಶೆಡ್ಡಿನ ಮುಂದೆ ಕೈಕಟ್ಟಿ ನಿಂತಿದ್ದರು.

ಮೇಸ್ತ್ರಿ ಕೆಳಗಿನ ಬೋಲ್ಟು ಬಿಚ್ಚಿದರು. ಧಾರೆಯೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಎತ್ತಿನಗಾಡಿಯ ಕೀಲೆಣ್ಣೆಯಂಥದ್ದು ಒಂದು ಮುದ್ದೆ ಜಾರಿ ತಟ್ಟೆಗೆ ಬಿತ್ತು. ಅವರು ಅದನ್ನು ಬೆರಳಲ್ಲಿ ತಗೊಂಡು ತಿಕ್ಕಿ ನೋಡಿದರು.

"ಇದ್ಯಾರು ಆಯಿಲ್ ಮಾಡಿದ್ದು? ಯಾವಾಗ್ ಮಾಡಿದ್ದು?" ಅಂದರು ಭಾವ.

"ಇವರ ಗಾಡಿಗೆ ನಾನೇ ಮಾಡೋದು ಸಾರ್. ಆದ್ರೆ ಮಾಡಿ ತುಂಬಾ ದಿನ ಆಗಿದೆ ಅನ್ಸುತ್ತೆ." ಮೇಸ್ತ್ರಿ ನನ್ನ ಕಡೆ ತಿರುಗಿದರು. "ಮೊನ್ನೆ ಬ್ರೇಕಿಗೆ ಬಂದಾಗ ಆಯಿಲ್ ಮಾಡ್ಲಿಲ್ಲ ಅಲ್ವಾ ಸಾರ್? ನೀವು ಅರ್ಜೆಂಟು ಅಂದ್ರಿ."

ಸರಿಯಾಗಿ ಜ್ಞಾಪಕವಿತ್ತು ಅವರಿಗೆ. ಪ್ರತಿಯೊಂದೂ ಸರಿಯಾಗಿ ಇತ್ತು. ಭಾವ ನನ್ನನ್ನೇ ನೋಡುತ್ತಿದ್ದರು. ಗಾಡಿಯೂ ಇಲ್ಲ, ಸೈಟೂ ಇಲ್ಲ ಅಂದದ್ದು ಕಿವಿಯಲ್ಲಿ ಕೂಗಿತು.

"ಇಲ್ಲ ಮೇಸ್ತ್ರಿ, ಮಾಡಿದ್ರಿ" ಅಂದೆ. "ಬ್ರೇಕೂ ಮಾಡಿದ್ರಿ, ಆಯಿಲೂ ಮಾಡಿದ್ರಿ. ನಾನೇ ಕೂತು ದೀಪ ಆರಿಸಿದ್ನಲ್ಲ? ನೀವೇ ಎಣಿಸಿದ್ರಿ, ಮರೆತುಬಿಟ್ರಾ?"

ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಳಗೆ ಕೂತು ಕೀ ತಿರುಗಿಸಿ ಮೀಟರು ತೋರಿಸಿದೆ. ದೀಪ ಇಲ್ಲ, ಮುಂದಿನ ಸರ್ವೀಸಿಗೆ ಇನ್ನೂ ಸಾವಿರಾರು ಕಿಲೋಮೀಟರು ಬಾಕಿ ಅಂತ ಅದೂ ನನ್ನ ಪರವಾಗಿ ಹೇಳಿತು. ಮೇಸ್ತ್ರಿ ಮೀಟರು ನೋಡಿದರು, ತಟ್ಟೆ ನೋಡಿದರು, ತಮ್ಮ ಕಿರುಬೆರಳು ನೋಡಿಕೊಂಡರು. "ವಾಷರ್ ಹಾಕ್ಕೊಂಡಿದ್ರೆ ಗೊತ್ತಾಗ್ತಿತ್ತಲ್ಲ..." ಅಂತ ತಮ್ಮಷ್ಟಕ್ಕೆ ಅಂದರು. ಆಮೇಲೆ ನನ್ನ ಸುಳ್ಳಿಗೆ ಅವರೇ ಸಮಜಾಯಿಷಿ ಹುಡುಕಿಕೊಟ್ಟರು. "ಬ್ರೇಕ್ ಮುಗ್ಸಿ, ಆಯಿಲೂ ಆಯ್ತು ಅಂದ್ಕೊಂಡು ನಿಮ್ಗೆ ದೀಪ ಆರ್ಸೋಕೆ ಹೇಳ್ಬಿಟ್ಟಿದ್ದೀನಿ. ಇಲ್ದಿದ್ರೆ ಇದು ಇಂಗಾಗಕ್ಕೆ ಸಾಧ್ಯ ಇಲ್ಲ. ನಂದೇ ತಪ್ಪು ಸಾರ್." ಗಾಬರಿಯಲ್ಲಿ ಅವರ ಊರ ಮಾತು ಹೊರಗೆ ಬಂದಿತ್ತು.

ಭಾವ ಬಾಯಿಗೆ ಬಂದಂತೆ ಬೈದರು. ಆಗ ನಾನು ಅಡ್ಡ ಬಂದೆ. "ಹೋಗ್ಲಿ ಬಿಡಿ ಭಾವ. ಮನುಷ್ಯ ಅಂದ್ಮೇಲೆ ಒಂದ್ಸಲ ಮರೀತಾನೆ. ವಯಸ್ಸಾದವರು, ಬೇಕೂ ಅಂತ ಮಾಡಿದ್ದಲ್ಲ" ಅಂದೆ. ಮೇಸ್ತ್ರಿ ನನ್ನ ಎರಡೂ ಕೈ ಹಿಡಿದುಕೊಂಡರು. ಜಿಡ್ಡು ಕೈಯಲ್ಲಿ ಅವರು ಯಾರನ್ನೂ ಮುಟ್ಟಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಇಪ್ಪತ್ತು ದಿನ ಕೂತು ಆ ಇಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸಿಕೊಟ್ಟರು, ಕೂಲಿಯ ಮಾತೇ ಎತ್ತಗೊಡಲಿಲ್ಲ. ಗಾಡಿ ಮೊದಲಿಗಿಂತ ಚೆನ್ನಾಗಿ ಓಡಿತು. ಓಡದೇ ಹೋದವರು ಮೇಸ್ತ್ರಿ. ಶೆಡ್ಡಿಗೆ ಒಂದು ನೋಟ್‌ಬುಕ್ಕು ಬಂತು. ಬಿಚ್ಚಿದ್ದು, ಹಾಕಿದ್ದು ಎಲ್ಲ ಬರೆಯತೊಡಗಿದರು. ಬರೆದದ್ದನ್ನೂ ನಂಬದೆ ಮತ್ತೆ ಗಾಡಿಯ ಕೆಳಗೆ ತೂರಿ ಬೋಲ್ಟು ಮುಟ್ಟಿ ನೋಡುತ್ತಿದ್ದರು. ಬೆಳಗ್ಗೆ ಎದ್ದು ಗಿರಾಕಿಗಳಿಗೆ ಫೋನು ಮಾಡಿ, "ಸಾರ್, ನಿನ್ನೆ ಆಯಿಲ್ ಹಾಕಿದ್ದೀನಾ ಒಂಚೂರು ಕಡ್ಡಿ ತೆಗೆದು ನೋಡ್ತೀರಾ?" ಅಂತ ಕೇಳುತ್ತಿದ್ದರು. ಇಂಥ ಫೋನು ಎರಡು ಬಂದರೆ ಮೂರನೇ ಸಲ ಯಾರು ಗಾಡಿ ಬಿಡುತ್ತಾರೆ? ಮೇಸ್ತ್ರಿಗೆ ಮರೆವು ಶುರುವಾಗಿದೆಯಂತೆ ಅಂತ ಟೀ ಅಂಗಡಿಯಲ್ಲಿ ಮಾತಾಯಿತು. ನಾನು ಅಲ್ಲೇ ಇದ್ದೆ. "ಹೌದಂತೆ, ಪಾಪ" ಅಂದೆ.

ಹೇಳಬಹುದಿತ್ತು. ಪ್ರತಿ ವಾರವೂ ಹೇಳಬಹುದಿತ್ತು. ಮೊದಲು ಭಾವನ ಹೆದರಿಕೆ, ಆಮೇಲೆ ಹೆಂಡತಿಯ ಮುಂದೆ ಮಾನ ಹೋಗುವ ಹೆದರಿಕೆ. ಅದೂ ಹೋದ ಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳಿದರೆ ಏನು ಹೇಳಲಿ ಅನ್ನುವ ಹೆದರಿಕೆ. ಎರಡು ವರ್ಷದಲ್ಲಿ ಶೆಡ್ಡು ಮುಚ್ಚಿತು. ಮೇಸ್ತ್ರಿ ಅಲ್ಲಾಳಸಂದ್ರಕ್ಕೋ ಎಲ್ಲಿಗೋ ಹೋದರಂತೆ ಅಂತ ಕೇಳಿದೆ. ನಾನು ಶೆಡ್ಡಿದ್ದ ಬೀದಿಯ ದಾರಿಯನ್ನೇ ಬಿಟ್ಟೆ.

ಐದಾರು ವರ್ಷ ಕಳೆದ ಮೇಲೆ ಯಲಹಂಕದ ಸಂತೆಯಲ್ಲಿ ಮೇಸ್ತ್ರಿಯ ಹೆಂಡತಿ ಸಿಕ್ಕರು. ಶೆಡ್ಡಿಗೆ ಊಟ ತರುವಾಗ ನನ್ನನ್ನು ನೋಡಿದ್ದವರು, ಗುರುತು ಹಿಡಿದು ಅವರೇ ಮಾತಾಡಿಸಿದರು. "ಚೆನ್ನಾಗಿದ್ದೀರಾಣ್ಣ? ಇವರೇನೋ ಇದ್ದಾರೆ. ಬೀಗ ಹಾಕಿ ನಾಲ್ಕು ಸಲ ತಿರುಗಿ ಬಂದು ಎಳೆದು ನೋಡ್ತಾರೆ. ಸ್ಟೌ ಆರಿಸಿದ್ನಾ ಅಂತ ಬಸ್ಸಿಂದ ಇಳಿದು ವಾಪಸ್ ಬರ್ತಾರೆ. ಡಾಕ್ಟ್ರು ಎಲ್ಲಾ ಪರೀಕ್ಷೆ ಮಾಡಿ, ಏನೂ ಇಲ್ಲ, ಜ್ಞಾಪಕ ಚೆನ್ನಾಗಿದೆ ಅಂದ್ರು. ಇವರು ನಂಬಲ್ಲ. ಡಾಕ್ಟ್ರಿಗೇನ್ ಗೊತ್ತು, ಆ ಸಾರ್ ಗಾಡಿ ನಾನೇ ತಾನೇ ಕೆಡಿಸಿದ್ದು ಅಂತಾರೆ."

ಆ ಸಾರ್ ಸೊಪ್ಪಿನ ಚೀಲ ಹಿಡಿದುಕೊಂಡು ಅವರೆದುರಿಗೇ ನಿಂತಿದ್ದ. ಸಂತೆಯಿಂದ ಸೀದಾ ಅವರ ಜೊತೆಗೇ ಹೋದೆ. ಇನ್ನೊಂದು ದಿನ ಅಂದಿದ್ದರೆ ಮತ್ತೆ ಐದು ವರ್ಷ ಆಗುತ್ತಿತ್ತು.

ಅಲ್ಲಾಳಸಂದ್ರದಲ್ಲಿ ಮೊದಲ ಮಹಡಿಯ ಸಣ್ಣ ಮನೆ. ಮಧ್ಯಾಹ್ನದ ಹೊತ್ತು. ಮೇಸ್ತ್ರಿ ಬಿಳಿ ಅಂಗಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ತುಂಬಾ ಇಳಿದುಹೋಗಿದ್ದರು. ನನ್ನನ್ನು ಕಂಡು ಏಳಲು ಹೋದರು, ನಾನೇ ಭುಜ ಹಿಡಿದು ಕೂರಿಸಿದೆ. ನೀರು ಕುಡಿಯದೆ ಎಲ್ಲ ಹೇಳಿಬಿಟ್ಟೆ. ಎರಡು ಸಲ ಆಯಿಲ್ ಮಾಡಿಸದೆ ದೀಪ ಆರಿಸಿದ್ದು, ಬ್ರೇಕಿನ ದಿನ ಕಡ್ಡಿ ಮುಟ್ಟಗೊಡದೆ ಇದ್ದದ್ದು, ಭಾವನ ಮುಂದೆ ಸುಳ್ಳು ಹೇಳಿದ್ದು, ಒಂದೂ ಬಿಡಲಿಲ್ಲ. "ನೀವು ಏನೂ ಮರೆತಿರಲಿಲ್ಲ ಮೇಸ್ತ್ರಿ. ನಿಮ್ಮ ಜ್ಞಾಪಕ ಸರಿಯಾಗೇ ಇತ್ತು. ನಾನು ಕಳ್ಳ" ಅಂದೆ. ಅಳು ಬಂತು, ಅತ್ತೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದವರು, ಮೆಲ್ಲಗೆ ನಕ್ಕರು. "ನೋಡೇ ಇಲ್ಲಿ" ಅಂತ ಮನೆಯವರನ್ನು ಕರೆದರು. "ನೀನು ಸಂತೇಲಿ ಇವರ ಹತ್ರ ನನ್ ಗೋಳು ಹೇಳ್ಕೊಂಡೆ ಅಲ್ವಾ? ಅದಕ್ಕೇ ಸಾರ್ ನಂಗೋಸ್ಕರ ಏನೇನು ಕತೆ ಕಟ್ಕೊಂಡ್ ಬಂದಿದ್ದಾರೆ ಕೇಳು."

"ಇಲ್ಲ ಮೇಸ್ತ್ರಿ, ಸತ್ಯ. ನನ್ನ ಮಕ್ಕಳಾಣೆ..."

"ಥೂ, ಬಿಡ್ತು ಅನ್ನಿ ಸಾರ್! ನನ್ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಮಕ್ಕಳ ಮೇಲೆ ಆಣೆ ಹಾಕ್ಬಾರ್ದು." ನನ್ನ ಕೈ ಮೇಲೆ ಕೈಯಿಟ್ಟರು. "ಅವತ್ತೂ ನಿಮ್ ಭಾವನ ಮುಂದೆ ನನ್ನ ಬಿಟ್ಟುಕೊಡ್ಲಿಲ್ಲ ನೀವು. ಇವತ್ತು ತಪ್ಪೂ ನಿಮ್ದೇ ಅಂತೀರ. ಇಂಥೋರು ಎಲ್ಲಿ ಸಿಕ್ತಾರೆ?"

ಒಂದು ಗಂಟೆ ಹೊತ್ತು ನನಗೆ ತಿಳಿದ ರೀತಿಯಲ್ಲೆಲ್ಲ ಹೇಳಿದೆ. ಸುಳ್ಳನ್ನು ಒಂದೇ ಮಾತಿಗೆ ನಂಬಿಸಿದ ಬಾಯಿ ನನ್ನದು. ನಿಜ ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ದೊಡ್ಡವನಾಗುತ್ತ ಹೋದೆ. ಅವರ ಮನೆಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಾಫಿ ತಂದಿಟ್ಟರು. ನಾನು ಕುಡಿದು ಹೊರಟೆ. ಮೇಸ್ತ್ರಿ ಮೆಟ್ಟಿಲ ತನಕ ಬಂದು, ವಾಪಸ್ ಹೋಗಿ ಬಾಗಿಲು ಹಾಕಿ, ಚಿಲಕವನ್ನು ಒಳಗಿನಿಂದ ಎಳೆದೆಳೆದು ನೋಡಿದ್ದು ನನಗೆ ಕೇಳಿಸಿತು.

ಮಾರನೇ ವರ್ಷ ಅವರು ಹೋದರು. ಹನ್ನೊಂದನೇ ದಿನಕ್ಕೆ ಹೇಳಿಕಳಿಸಿದ್ದರು. ಹೋಗದೆ ಇರಲು ಆಗಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಮನೆಯವರು ಎದ್ದು ಬಂದು, ಅಲ್ಲಿ ಕೂತಿದ್ದ ನೆಂಟರಿಗೆಲ್ಲ ನನ್ನನ್ನು ತೋರಿಸಿದರು. "ಇವರೇ. ನಮ್ಮನೆಯವರು ಇಂಜಿನ್ ಹಾಳು ಮಾಡಿದ್ದು ಇವರ ಗಾಡೀನೇ. ಆದ್ರೂ ಒಂದು ಮಾತು ಅನ್ಲಿಲ್ಲ ಮಹಾನುಭಾವ." ವಯಸ್ಸಾದ ಒಬ್ಬರು ಎದ್ದು ತಮ್ಮ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು, ಕೈಮುಗಿದರು.

ನಾನೂ ಕೈಮುಗಿದೆ. ಆ ಕುರ್ಚಿಯಲ್ಲಿ ಕೂತೆ.